ಅಂತಃಕಲಹದ ತರುವಾಯ ನೇಪಾಳದ ಗ್ರಾಮಾಡಳಿತ

ನೇಪಾಳದಲ್ಲಿ 1996ರ ಫೆಬ್ರವರಿ 13ರಂದು ಮಾವೋವಾದಿಗಳು ಆರಂಭಿಸಿದ ಸಶಸ್ತ್ರ ಸಂಗ್ರಾಮವು 2006ರ ನವೆಂಬರ್ 21ರ ಸಮಗ್ರ ಶಾಂತಿ ಒಪ್ಪಂದದೊಡನೆ ಮುಕ್ತಾಯಗೊಂಡಿತು. ಆ ಹತ್ತು ವರ್ಷಗಳಲ್ಲಿ ಮಡಿದವರ ಸಂಖ್ಯೆಯನ್ನು ಕೆಲವು ಗಣನೆಗಳು 13,000ಕ್ಕೂ ಮೇಲೆಂದರೆ, ಮತ್ತೆ ಕೆಲವು 17,000ದಷ್ಟೆಂದು ಹೇಳುತ್ತವೆ. ಒಪ್ಪಂದಕ್ಕೆ ಸಹಿ ಬಿದ್ದದ್ದು ಕಾಠ್ಮಂಡುವಿನಲ್ಲಿ. ಕಲಹದ ಬೇರುಗಳಾದರೋ ಹಳ್ಳಿಗಳ ಭೂಮಿ, ನೀರು, ಕಾಡು ಮತ್ತು ಜಾತಿಭೇದಗಳಲ್ಲಿ ಇಳಿದಿದ್ದವು. ಆದುದರಿಂದ ಶಾಂತಿಯು ಹಳ್ಳಿಯನ್ನು ಮುಟ್ಟಿತೇ, ಮುಟ್ಟಿದ್ದರೆ ಯಾವ ಮಾರ್ಗದಿಂದ ಎಂಬುದು ವಿಚಾರಾರ್ಹವಾದ ಪ್ರಶ್ನೆಯಾಗಿದೆ.

ಕಲಹವು ಮೊದಲು ನುಂಗಿದ್ದು ಗ್ರಾಮಾಭಿವೃದ್ಧಿ ಸಮಿತಿಗಳನ್ನು. ಮಾವೋವಾದಿಗಳು ಅನೇಕ ಕಡೆ ಅವುಗಳ ಕಟ್ಟಡಗಳನ್ನು ಧ್ವಂಸಗೊಳಿಸಿ, ತಮ್ಮದೇ ಆದ ‘ಜನಸರ್ಕಾರ’ಗಳನ್ನೂ ‘ಜನ ಅದಾಲತ್’ಗಳನ್ನೂ ಸ್ಥಾಪಿಸಿದರು. ಸಮಿತಿಯ ಕಾರ್ಯದರ್ಶಿಗಳು ಪ್ರಾಣಭಯದಿಂದ ಜಿಲ್ಲಾಕೇಂದ್ರಗಳನ್ನು ಸೇರಿದರು. ಜನನದ ದಾಖಲೆಗಾಗಲಿ, ಪೌರತ್ವದ ಶಿಫಾರಸು ಪತ್ರಕ್ಕಾಗಲಿ ಗುಡ್ಡಗಾಡಿನ ಬಡವನು ಅಲ್ಲಿಯವರೆಗೂ ನಡೆಯಬೇಕಾಯಿತು. 1997ರಲ್ಲಿ ಚುನಾಯಿತವಾಗಿದ್ದ ಸ್ಥಳೀಯ ಸಂಸ್ಥೆಗಳ ಅವಧಿ 2002ರ ಜುಲೈ ತಿಂಗಳಲ್ಲಿ ಮುಗಿದಾಗ ಸರ್ಕಾರವು ಅದನ್ನು ವಿಸ್ತರಿಸಲಿಲ್ಲ, ಚುನಾವಣೆಯನ್ನೂ ನಡೆಸಲಿಲ್ಲ. ಅರಸನ ನೇರ ಆಳ್ವಿಕೆಯಲ್ಲಿ 2006ರಲ್ಲಿ ನಡೆದ ನಗರಗಳ ಚುನಾವಣೆಯನ್ನು ಪ್ರಮುಖ ಪಕ್ಷಗಳು ಬಹಿಷ್ಕರಿಸಿದುದರಿಂದ ಅದು ಲೆಕ್ಕಕ್ಕೆ ಬರುವಂತಹದಲ್ಲ. ಹೀಗೆ ಹಳ್ಳಿಗಳು ಸುಮಾರು ಹದಿನೈದು ವರ್ಷ ಚುನಾಯಿತ ಪ್ರತಿನಿಧಿಗಳಿಲ್ಲದೆ ಉಳಿದವು. ಅದರಲ್ಲಿ ಹತ್ತಕ್ಕೂ ಮಿಕ್ಕ ವರ್ಷಗಳು ಒಪ್ಪಂದದ ನಂತರದವೆಂಬುದನ್ನು ಮರೆಯಲಾಗದು.

ಈ ಶೂನ್ಯದಲ್ಲಿಯೂ ಸಾರ್ವಜನಿಕ ಜೀವನದ ಅಭ್ಯಾಸವನ್ನು ಕಾಪಾಡಿದವು ಯಾವುವೆಂದರೆ ಸಾಮುದಾಯಿಕ ವನ ಬಳಕೆದಾರರ ಗುಂಪುಗಳು. 1993ರ ಅರಣ್ಯ ಕಾಯಿದೆಯು ಕಾಡಿನ ಸಮೀಪದ ಕುಟುಂಬಗಳಿಗೆ ಗುಂಪು ಕಟ್ಟಿಕೊಳ್ಳುವ, ತಮ್ಮ ವಿಧಾನವನ್ನೂ ಕಾರ್ಯಯೋಜನೆಯನ್ನೂ ರಚಿಸಿಕೊಳ್ಳುವ, ಸೌದೆ, ಮರಮಟ್ಟುಗಳ ಆದಾಯವನ್ನು ಸ್ವಂತ ನಿಧಿಯಲ್ಲಿ ಇಟ್ಟುಕೊಳ್ಳುವ ಅಧಿಕಾರವನ್ನು ಕೊಟ್ಟಿತು. ಇಂದು ಇಂತಹ ಗುಂಪುಗಳು 20,000ಕ್ಕೂ ಹೆಚ್ಚಿವೆ. ಕಾಡಿನಲ್ಲಿ ಒಂದೆಡೆ ಸೈನ್ಯ, ಇನ್ನೊಂದೆಡೆ ಬಂಡಾಯಗಾರರು; ಗುಂಪಿನ ನಿಧಿಗೆ ‘ಚಂದಾ’ದ ಬೇಡಿಕೆ ಬೇರೆ. ಹಾಗಿದ್ದರೂ ಬಹುಪಾಲು ಗುಂಪುಗಳು ಸಭೆ ಸೇರುತ್ತ, ಲೆಕ್ಕ ಒಪ್ಪಿಸುತ್ತ ಬಂದವು. ಇವುಗಳನ್ನು ಆದರ್ಶವೆಂದು ಕೊಂಡಾಡುವುದೂ ಯುಕ್ತವಲ್ಲ. ಸಮಿತಿಯ ಮೇಲುಗೈ ಬಹಳ ಕಾಲ ಉಚ್ಚಜಾತಿಯ ಪುರುಷರದೇ ಆಗಿತ್ತು. ಕಾಡನ್ನು ಮುಚ್ಚಿದಾಗ ಮೊದಲು ಸೌದೆ ತಪ್ಪಿದ್ದು ಬಡವರ ಒಲೆಗೆ. ಕಾರ್ಯಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕೆಂಬ ನಿಯಮ ಬಂದದ್ದು 2009ರ ಮಾರ್ಗಸೂಚಿಯಲ್ಲಿ. ಆದರೂ ಹೆಣ್ಣುಮಕ್ಕಳು ಹತ್ತು ಜನರ ಎದುರು ನಿಂತು ಲೆಕ್ಕ ಕೇಳುವುದನ್ನು ಕಲಿತ ಶಾಲೆಗಳಲ್ಲಿ ಈ ಗುಂಪುಗಳೂ ತಾಯಂದಿರ ಸಂಘಗಳಾದ ‘ಆಮಾ ಸಮೂಹ’ಗಳೂ ಮುಖ್ಯವಾದವು.

ಸರ್ಕಾರವು ಶೂನ್ಯವನ್ನು ತುಂಬಲು ಮಾಡಿದ ಏರ್ಪಾಡು ಇಷ್ಟು ಗಟ್ಟಿಯಾಗಿರಲಿಲ್ಲ. ಪಕ್ಷಗಳ ಸ್ಥಳೀಯ ಮುಖಂಡರು ಕೂಡಿ ಯೋಜನೆಗಳನ್ನು ನಿರ್ಧರಿಸುವ ‘ಸರ್ವದಲೀಯ ಸಂಯಂತ್ರ’ವು ಪರಸ್ಪರ ಹಂಚಿಕೊಳ್ಳುವ ಕೂಟವಾಗಿ ಪರಿಣಮಿಸಿ, ಭ್ರಷ್ಟಾಚಾರದ ಆಪಾದನೆಗಳ ನಡುವೆ 2012ರಲ್ಲಿ ವಿಸರ್ಜಿತವಾಯಿತು. ಯಾರಿಗೂ ಮತ ಹಾಕದ ಜನ ಯಾರನ್ನು ಕೆಳಗಿಳಿಸಬೇಕು? ವಾರ್ಡು ಮಟ್ಟದ ನಾಗರಿಕ ಮಂಚಗಳು ಬೇಡಿಕೆಗಳನ್ನು ಪಟ್ಟಿ ಮಾಡಿದುವೇನೋ ನಿಜ. ಮಂಜೂರು ಮಾಡುವ ಕೈ ಮಾತ್ರ ಬೇರೆಯವರದಾಗಿತ್ತು.

2015ರ ಸಂವಿಧಾನವು ಹಳೆಯ ಚೌಕಟ್ಟನ್ನೇ ಬದಲಿಸಿತು. ಈಗ 753 ಸ್ಥಳೀಯ ಸರ್ಕಾರಗಳಿವೆ: 460 ಗಾಂವ್‌ಪಾಲಿಕೆಗಳು, ಉಳಿದ 293 ಬೇರೆ ಬೇರೆ ದರ್ಜೆಯ ನಗರಪಾಲಿಕೆಗಳು, ಒಟ್ಟು 6,743 ವಾರ್ಡುಗಳು. ಪ್ರತಿ ವಾರ್ಡಿಗೆ ಒಬ್ಬ ಅಧ್ಯಕ್ಷ, ನಾಲ್ವರು ಸದಸ್ಯರು. ಸದಸ್ಯರಲ್ಲಿ ಇಬ್ಬರು ಮಹಿಳೆಯರು, ಆ ಇಬ್ಬರಲ್ಲಿ ಒಬ್ಬಳು ದಲಿತ ಮಹಿಳೆಯೇ ಆಗಿರತಕ್ಕದ್ದು. ಮುಖ್ಯಸ್ಥ ಮತ್ತು ಉಪಮುಖ್ಯಸ್ಥ ಸ್ಥಾನಗಳೆರಡಕ್ಕೂ ಅಭ್ಯರ್ಥಿಗಳನ್ನು ನಿಲ್ಲಿಸುವ ಪಕ್ಷವು ಅವರಲ್ಲಿ ಒಬ್ಬಳು ಮಹಿಳೆಯಾಗಿರುವಂತೆ ನೋಡಿಕೊಳ್ಳಬೇಕು. 2017ರಲ್ಲಿ ಮೂರು ಹಂತಗಳಲ್ಲಿ ಚುನಾವಣೆ ನಡೆಯಿತು. ಸಂವಿಧಾನದ ಬಗೆಗೆ ಕುದಿಯುತ್ತಿದ್ದ ಮಧೇಸದ ಎರಡನೆಯ ಪ್ರಾಂತದಲ್ಲಿ ಮತದಾನವನ್ನು ಸೆಪ್ಟೆಂಬರ್ 18ಕ್ಕೆ ಮುಂದೂಡಿದುದು ವಿವೇಕದ ಕ್ರಮವೆನಿಸಿತು. ಅದುವರೆಗೆ ಬಹಿಷ್ಕರಿಸಿದ್ದ ಅಲ್ಲಿಯ ಪ್ರಮುಖ ಪಕ್ಷವೂ ಆಗ ಕಣಕ್ಕಿಳಿಯಿತು.

ಆರಿಸಿ ಬಂದ ಸುಮಾರು 35,000 ಪ್ರತಿನಿಧಿಗಳಲ್ಲಿ 14,000ಕ್ಕೂ ಹೆಚ್ಚು ಮಂದಿ ಮಹಿಳೆಯರು. ಅವರಲ್ಲಿ 6,500ಕ್ಕೂ ಮಿಕ್ಕಿ ದಲಿತ ಮಹಿಳಾ ಮೀಸಲು ಸ್ಥಾನಗಳಿಂದ ಬಂದವರು. ನೂರಕ್ಕೂ ಹೆಚ್ಚು ವಾರ್ಡುಗಳಲ್ಲಿ ಆ ಸ್ಥಾನ ಅಭ್ಯರ್ಥಿಯಿಲ್ಲದೆ ಖಾಲಿಯುಳಿಯಿತು. ಸ್ಥಾನ ದೊರೆತಲ್ಲಿಯೂ ಮಾತು ದೊರೆಯಿತೆಂದು ಹೇಳಲಾಗದು. ಯೋಜನೆಯು ಟೋಲ್ ಎಂದು ಕರೆಯುವ ಕೇರಿಯ ಸಭೆಯಿಂದ ಹುಟ್ಟಿ, ವಾರ್ಡನ್ನು ಹಾಯ್ದು, ಆಷಾಢದಲ್ಲಿ ಪಾಲಿಕೆಯ ಸಭೆಯನ್ನು ತಲುಪಬೇಕೆಂಬುದು ಕ್ರಮ. ಕಾಗದದಲ್ಲಿ ಸೊಗಸಾಗಿರುವ ಈ ಕ್ರಮದಲ್ಲಿ, ಊರಂಚಿನ ದಲಿತ ಕೇರಿಯ ನಲ್ಲಿಗಿಂತ ರಸ್ತೆ ಅಗೆಯುವ ಯಂತ್ರವೇ ಎಷ್ಟೋ ಸಲ ಮುಂದೆ ಸಾಗುತ್ತದೆ.

ಹೊಸ ವ್ಯವಸ್ಥೆಯ ಸತ್ವವಿರುವುದು ಹೆಚ್ಚಾಗಿ ನ್ಯಾಯಿಕ ಸಮಿತಿಯಲ್ಲಿ. ಸಂವಿಧಾನದ 217ನೆಯ ವಿಧಿಯಂತೆ ಉಪಮುಖ್ಯಸ್ಥರೇ ಈ ಮೂವರ ಸಮಿತಿಯ ನೇತೃತ್ವ ವಹಿಸಬೇಕು. 2017ರಲ್ಲಿ ಆ ಹುದ್ದೆಗೆ ಬಂದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಮಹಿಳೆಯರು. ಹೊಲದ ಗಡಿ, ಕಾಲುವೆಯ ಸರದಿ, ಬೆಳೆನಷ್ಟ, ಕೊಡದ ಕೂಲಿ, ವೃದ್ಧರನ್ನು ಕೈಬಿಟ್ಟ ಮಕ್ಕಳು ಇತ್ಯಾದಿ ವ್ಯಾಜ್ಯಗಳು ಅಲ್ಲಿಗೆ ಬರುತ್ತವೆ. ಕೆಲವನ್ನು ಸಮಿತಿಯೇ ತೀರ್ಮಾನಿಸಬಹುದು, ಕೆಲವನ್ನು ಮಧ್ಯಸ್ಥಿಕೆಯಿಂದ ಮಾತ್ರ ಬಗೆಹರಿಸಬಹುದು. ಅತೃಪ್ತರಿಗೆ ಜಿಲ್ಲಾ ನ್ಯಾಯಾಲಯವಿದೆ. ಒಂದು ಕಾಲಕ್ಕೆ ‘ಜನ ಅದಾಲತ್’ ಬಂದೂಕಿನ ನೆರಳಿನಲ್ಲಿ ತೀರ್ಪು ಕೊಟ್ಟ ಊರುಗಳಲ್ಲಿಯೇ ಈ ಸಮಿತಿಗಳು ಕೂರುತ್ತಿವೆಯೆಂಬುದು ಸಣ್ಣ ಸಂಗತಿಯಲ್ಲ. ಆದರೆ ಯುದ್ಧಕಾಲದ ಹತ್ಯೆ, ಅತ್ಯಾಚಾರ, ನಾಪತ್ತೆಗಳನ್ನು ಇವು ಮುಟ್ಟುವಂತಿಲ್ಲ. ಅದಕ್ಕಾಗಿ 2015ರಲ್ಲಿ ನೇಮಕವಾದ ಎರಡು ಆಯೋಗಗಳು ಸಾವಿರಾರು ದೂರುಗಳನ್ನು ಸ್ವೀಕರಿಸಿಯೂ ನ್ಯಾಯ ದೊರಕಿಸಲಾರದೆ ಹೋದವು. ಕಾನೂನಿನ ತಿದ್ದುಪಡಿಗೇ 2024 ಬರಬೇಕಾಯಿತು. ಗಂಡನನ್ನು ಕಳೆದುಕೊಂಡವಳು ಬದುವಿನ ಜಗಳಕ್ಕೆ ವಾರದೊಳಗೆ ವಿಚಾರಣೆ ಪಡೆಯಬಹುದು, ಗಂಡ ಎಲ್ಲಿ ಹೋದನೆಂಬ ಪ್ರಶ್ನೆಗೆ ಇಪ್ಪತ್ತು ವರ್ಷವಾದರೂ ಉತ್ತರವಿಲ್ಲ.

2022ರ ಮೇ 13ರ ಎರಡನೆಯ ಚುನಾವಣೆಯಲ್ಲಿ ಪಕ್ಷಗಳು ನಿಯಮದ ಬಿರುಕನ್ನು ಕಂಡುಕೊಂಡವು. ಮೈತ್ರಿ ಮಾಡಿಕೊಂಡು ಒಂದು ಪಕ್ಷ ಮುಖ್ಯಸ್ಥನ ಸ್ಥಾನಕ್ಕೆ, ಇನ್ನೊಂದು ಉಪಮುಖ್ಯಸ್ಥನ ಸ್ಥಾನಕ್ಕೆ ಮಾತ್ರ ಸ್ಪರ್ಧಿಸಿದರೆ ಮಹಿಳೆಯನ್ನು ನಿಲ್ಲಿಸುವ ಬಾಧ್ಯತೆಯೇ ಇಲ್ಲ. ಪರಿಣಾಮವಾಗಿ ಉಪಮುಖ್ಯಸ್ಥರಲ್ಲಿ ಮಹಿಳೆಯರ ಪಾಲು ಸುಮಾರು ಮುಕ್ಕಾಲಿಗೆ ಇಳಿಯಿತು. ವಾರ್ಡಿನ ಮೀಸಲಾತಿಗೆ ಅಂತಹ ಬಿರುಕಿರಲಿಲ್ಲವಾಗಿ ಆ ಸ್ಥಾನಗಳು ಹಾಗೆಯೇ ಉಳಿದವು. 2025ರ ಸೆಪ್ಟೆಂಬರಿನಲ್ಲಿ ಯುವಜನರ ಪ್ರತಿಭಟನೆಯಿಂದ ಕಾಠ್ಮಂಡುವಿನ ಸರ್ಕಾರ ಉರುಳಿ ಪ್ರತಿನಿಧಿ ಸಭೆ ವಿಸರ್ಜಿತವಾದಾಗ, ಅನೇಕ ಸ್ಥಳೀಯ ಕಚೇರಿಗಳೂ ದಾಳಿಗೆ ತುತ್ತಾದವು; ಆದರೆ 2002ರಂತೆ ಚುನಾಯಿತ ಸ್ಥಳೀಯ ಸಂಸ್ಥೆಗಳು ಇಲ್ಲವಾಗಲಿಲ್ಲ, ವಾರ್ಡಿನ ಸದಸ್ಯರು ತಮ್ಮ ಸ್ಥಾನಗಳಲ್ಲಿಯೇ ಮುಂದುವರಿದರು.