ನಿಮಗಿದು ಗೊತ್ತೆ? ಒಂದು ಕಾಲಕ್ಕೆ ಕರ್ನಾಟಕಕ್ಕಿಂತ ಬಂಗಾಳ ಸಿರಿವಂತ!

ದೇಶದ ಸರಾಸರಿ ತಲಾ ಆದಾಯ 100 ರೂಪಾಯಿ ಎಂದಿಟ್ಟುಕೊಳ್ಳಿ. 1960-61ರಲ್ಲಿ ಪಶ್ಚಿಮ ಬಂಗಾಳದ ತಲಾ ಆದಾಯ 127 ರೂಪಾಯಿ ದಾಟಿತ್ತು. 2023-24ರ ಹೊತ್ತಿಗೆ ಅದು 84ರ ಆಸುಪಾಸಿಗೆ ಕುಸಿದಿದೆ. ಬಡ ರಾಜ್ಯವೆಂದೇ ಹೆಸರಾಗಿದ್ದ ಒಡಿಶಾ ಕೂಡ ಈಗ 88 ಮುಟ್ಟಿ ಬಂಗಾಳವನ್ನು ಹಿಂದಿಕ್ಕಿದೆ! ಪ್ರಧಾನಿಯವರ ಆರ್ಥಿಕ ಸಲಹಾ ಮಂಡಳಿ 2024ರಲ್ಲಿ ಹೊರತಂದ ಅಧ್ಯಯನದ ಲೆಕ್ಕವಿದು.

ಪಂಜಾಬಿನದು ಇನ್ನೊಂದು ಕಥೆ. ಹಸಿರು ಕ್ರಾಂತಿಯ ದಿನಗಳಲ್ಲಿ, 1970-71ರಲ್ಲಿ, 169ಕ್ಕೆ ಏರಿದ್ದ ರಾಜ್ಯ ಈಗ 107ರಲ್ಲಿದೆ. 1966ರಲ್ಲಿ ಅದರಿಂದ ಪಾಲಾಗಿ ಬೇರೆ ಮನೆ ಹೂಡಿದ ಹರಿಯಾಣ ಮಾತ್ರ 177ಕ್ಕೆ ಜಿಗಿದಿದೆ. ಬಿಹಾರ 70ರಿಂದ ಜಾರಿ 33ಕ್ಕೆ ಬಂದು ನಿಂತಿದೆ.

ನಮ್ಮ ದಕ್ಷಿಣ? 1991ರ ಉದಾರೀಕರಣದ ತನಕ ಹೇಳಿಕೊಳ್ಳುವಂಥ ಮುನ್ನಡೆಯೇನೂ ಇರಲಿಲ್ಲ. ಆಮೇಲೆ ಚಿತ್ರವೇ ಬದಲಾಯಿತು. 2023-24ರಲ್ಲಿ ಕರ್ನಾಟಕ 181, ತೆಲಂಗಾಣ 194, ತಮಿಳುನಾಡು 171. ದಕ್ಷಿಣದ ಐದೂ ರಾಜ್ಯಗಳು ಸರಾಸರಿಗಿಂತ ಮೇಲಿವೆ. ದೇಶದ ಜಿಡಿಪಿಯಲ್ಲಿ ಅವುಗಳ ಪಾಲು ಶೇ 30ರಷ್ಟು.

ಹಾಗೆಂದು ಬೀಗುವಂತಿಲ್ಲ. ತಲಾ ಆದಾಯವೆಂದರೆ ಎಲ್ಲರ ಜೇಬಿಗೂ ಬಿದ್ದ ಹಣವಲ್ಲ, ರಾಜ್ಯದ ಒಟ್ಟು ಗಳಿಕೆಯನ್ನು ತಲೆ ಎಣಿಸಿ ಹಂಚಿದ ಲೆಕ್ಕ ಅಷ್ಟೆ. ಬೆಂಗಳೂರು ನಗರ ಜಿಲ್ಲೆಯೊಂದೇ ರಾಜ್ಯದ ಉತ್ಪನ್ನದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಕೊಡುತ್ತದೆ. ಕಲಬುರಗಿ ಜಿಲ್ಲಾವಾರು ತಲಾ ಆದಾಯದ ಪಟ್ಟಿಯಲ್ಲಿ ತಳದಲ್ಲೇ ಉಳಿದಿದೆ.