ಶಾಲೆಯ ಲ್ಯಾಬಿಗೆ ಮುಕ್ತ ಆಪರೇಟಿಂಗ್ ಸಿಸ್ಟಮ್: ಕೇರಳ ನಡೆದ ದಾರಿ

ಕೇರಳದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳು ಕಂಪ್ಯೂಟರ್ ಕಲಿಯುವುದು ವಿಂಡೋಸ್ ಮೇಲಲ್ಲ, ಕೈಟ್ ಗ್ನೂ/ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ ಮೇಲೆ. ಉಬುಂಟುವನ್ನು ತಳಹದಿಯಾಗಿಟ್ಟುಕೊಂಡು ಇದನ್ನು ಸಿದ್ಧಪಡಿಸುವುದು ಅಲ್ಲಿನ ಶಿಕ್ಷಣ ಇಲಾಖೆಗೆ ಸೇರಿದ ಕೈಟ್ ಸಂಸ್ಥೆ. 2024ರಲ್ಲಿ ಬಂದ ಆವೃತ್ತಿಯ ಸಂಖ್ಯೆ 22.04. ಕಾಸರಗೋಡು, ಮಂಜೇಶ್ವರದ ಕನ್ನಡ ಮಾಧ್ಯಮ ಶಾಲೆಗಳಲ್ಲೂ ಇದೇ ವ್ಯವಸ್ಥೆ. ಅಲ್ಲಿನ ಮಕ್ಕಳಿಗೆ ಐಸಿಟಿ, ಅಂದರೆ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಪಠ್ಯಪುಸ್ತಕ ಕನ್ನಡದಲ್ಲೇ ಸಿಗುತ್ತದೆ. ಒಂದು ಇಡೀ ರಾಜ್ಯದ ಶಾಲೆಗಳು ಇಷ್ಟು ವರ್ಷ ಮುಕ್ತ ತಂತ್ರಾಂಶವನ್ನೇ ನೆಚ್ಚಿಕೊಂಡು ನಡೆದ ಉದಾಹರಣೆ ಜಗತ್ತಿನಲ್ಲಿ ಹೆಚ್ಚಿಲ್ಲ.

ಯಂತ್ರದ ಪ್ರೊಸೆಸರ್, ಮೆಮೊರಿ, ಡಿಸ್ಕ್, ಕೀಬೋರ್ಡ್, ಪ್ರಿಂಟರ್ ಎಲ್ಲವನ್ನೂ ಹಿಡಿತದಲ್ಲಿಟ್ಟುಕೊಂಡು, ಉಳಿದ ತಂತ್ರಾಂಶಗಳು ಓಡಲು ಅನುವು ಮಾಡಿಕೊಡುವ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ವಿಂಡೋಸ್‌ನಂಥ ಖಾಸಗಿ ವ್ಯವಸ್ಥೆಯ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮಿನ ಮೂಲ ಬರಹ, ಕಂಪನಿಯ ಬಳಿಯೇ ಉಳಿಯುತ್ತದೆ. ಹಣ ಕೊಟ್ಟವರಿಗೆ ಸಿಗುವುದು ಬಳಸುವ ಪರವಾನಗಿ ಮಾತ್ರ. ಮುಕ್ತ ವ್ಯವಸ್ಥೆಯಲ್ಲಿ ಬಳಕೆದಾರರಿಗೆ ನಾಲ್ಕು ಹಕ್ಕುಗಳಿವೆ: ಯಾವ ಕೆಲಸಕ್ಕಾದರೂ ಅದನ್ನು ಬಳಸಬಹುದು, ಅದು ಹೇಗೆ ಕೆಲಸ ಮಾಡುತ್ತದೆಂದು ಒಳಹೊಕ್ಕು ನೋಡಿ ಬೇಕಾದಂತೆ ತಿದ್ದಿಕೊಳ್ಳಬಹುದು, ಪ್ರತಿ ಮಾಡಿ ಇತರರಿಗೆ ಕೊಡಬಹುದು, ತಿದ್ದಿದ ಪ್ರತಿಯನ್ನೂ ಹಂಚಬಹುದು. ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಇಂಥದೊಂದು ವ್ಯವಸ್ಥೆ ಕಟ್ಟುವ ಗ್ನೂ ಯೋಜನೆಯನ್ನು ಘೋಷಿಸಿದರು. ಅದಕ್ಕೆ ಬೇಕಿದ್ದ ತಿರುಳು, ಅಂದರೆ ಕರ್ನಲ್, 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ಅವರಿಂದ ಬಂತು. ಇವೆರಡೂ ಸೇರಿ ಆದದ್ದೇ ಗ್ನೂ/ಲಿನಕ್ಸ್. ಡೆಬಿಯನ್ (1993), ಉಬುಂಟು (2004) ಮೊದಲಾದವು ಅದನ್ನು ಅಣಿಗೊಳಿಸಿ ಜನರ ಕೈಗಿಡುವ ವಿತರಣೆಗಳು.

ಪ್ರತಿ ಮಾಡಿ ಹಂಚುವ ಹಕ್ಕು ಶಾಲೆಗಳ ಮಟ್ಟಿಗೆ ಬಹಳ ದೊಡ್ಡದು. ಲ್ಯಾಬಿನಲ್ಲಿ ಕಲಿತದ್ದನ್ನು ಮಗು ಮನೆಯಲ್ಲೂ ಅಭ್ಯಾಸ ಮಾಡಬೇಕು. ಖಾಸಗಿ ತಂತ್ರಾಂಶವಾದರೆ ಮನೆಯವರು ಅದನ್ನು ಕೊಳ್ಳಬೇಕು, ಇಲ್ಲವೇ ಕಳ್ಳಪ್ರತಿ ಹುಡುಕಬೇಕು. ಪ್ರಾಮಾಣಿಕತೆ ಕಲಿಸಬೇಕಾದ ಜಾಗದಿಂದಲೇ ಕಳ್ಳಪ್ರತಿಯ ರೂಢಿ ಹುಟ್ಟುವುದು ಒಳ್ಳೆಯದಲ್ಲ. ಮುಕ್ತ ತಂತ್ರಾಂಶವಾದರೆ ಶಿಕ್ಷಕರೇ ಪೆನ್‌ಡ್ರೈವ್‌ಗೆ ಹಾಕಿ ಮಗುವಿನ ಕೈಗೆ ಕೊಡಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಕೇರಳದ ಕಥೆ ಶುರುವಾಗುವುದು ಕನ್ನಡಿಗರೊಬ್ಬರಿಂದ. ಶಾಲೆಗಳಲ್ಲಿ ಮಾಹಿತಿ ತಂತ್ರಜ್ಞಾನವನ್ನು ಹೇಗೆ ಕಲಿಸಬೇಕೆಂದು ಸಲಹೆ ನೀಡಲು ಅಲ್ಲಿನ ಸರ್ಕಾರ ಒಂದು ಕಾರ್ಯಪಡೆ ರಚಿಸಿತು. ಅದರ ನೇತೃತ್ವ ವಹಿಸಿದವರು ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ, ಇಸ್ರೋ ಅಧ್ಯಕ್ಷರಾಗಿದ್ದ ಪ್ರೊ. ಯು. ಆರ್. ರಾವ್. ಅದರ ಶಿಫಾರಸಿನಂತೆ 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆ ಆರಂಭವಾಯಿತು. ಮೊದಲ ಕೆಲವು ವರ್ಷ ಪಾಠ ನಡೆದದ್ದು ವಿಂಡೋಸ್ ಮೇಲೆಯೇ. ಒಂದು ಕಂಪನಿಯ ಉತ್ಪನ್ನವನ್ನು ಬಳಸುವ ವಿಧಾನವೇ ಸರ್ಕಾರಿ ಪಠ್ಯವಾಗಬಾರದು ಎಂದು ಶಿಕ್ಷಕರ ವಲಯದಿಂದಲೂ ಮುಕ್ತ ತಂತ್ರಾಂಶದ ಕಾರ್ಯಕರ್ತರಿಂದಲೂ ಆಕ್ಷೇಪ ಎದ್ದಿತು. ಆಗ ರಾಜ್ಯದಲ್ಲಿ ಆ ಚಳವಳಿಗೆ ಗಟ್ಟಿ ನೆಲೆಯಿತ್ತು; ಭಾರತದ ಮುಕ್ತ ತಂತ್ರಾಂಶ ಪ್ರತಿಷ್ಠಾನ 2001ರಲ್ಲಿ ಉದ್ಘಾಟನೆಯಾದದ್ದೂ ತಿರುವನಂತಪುರದಲ್ಲೇ. ದಶಕ ಮುಗಿಯುವ ಮುನ್ನ ಪಾಠ, ಪರೀಕ್ಷೆ ಎರಡೂ ಪೂರ್ತಿಯಾಗಿ ಗ್ನೂ/ಲಿನಕ್ಸ್‌ಗೆ ಬಂದವು.

ಈ ಬದಲಾವಣೆ ಉಳಿದುಕೊಂಡದ್ದು ಹೇಗೆ ಎಂಬುದು ಗಮನಿಸಬೇಕಾದ ಸಂಗತಿ. ಯಂತ್ರಕ್ಕೆ ಹೊಸ ಸಿಸ್ಟಮ್ ಹಾಕುವುದು ಒಂದು ಗಂಟೆಯ ಕೆಲಸ. ಅದನ್ನು ಶಾಲೆ ಬಳಸುವಂತೆ ಮಾಡುವುದು ವರ್ಷಗಳ ಕೆಲಸ. ಕೇರಳ ಮಾಡಿದ್ದು ಎರಡನೆಯದನ್ನು. ಅನುಭವವಿದ್ದ ಶಿಕ್ಷಕರನ್ನೇ ಆರಿಸಿ ಮಾಸ್ಟರ್ ಟ್ರೈನರ್‌ಗಳಾಗಿ ಜಿಲ್ಲೆಗಳಿಗೆ ನಿಯೋಜಿಸಿತು. ಶಾಲೆಗೊಬ್ಬ ಶಿಕ್ಷಕರನ್ನು ಐಟಿ ಸಂಯೋಜಕರನ್ನಾಗಿ ಗೊತ್ತುಮಾಡಿತು. ಪಠ್ಯಪುಸ್ತಕದ ಪ್ರತಿ ಅಧ್ಯಾಯವನ್ನೂ ಲ್ಯಾಬಿನ ಯಂತ್ರದಲ್ಲಿ ಇರುವ ತಂತ್ರಾಂಶದ ಮೇಲೇ ಬರೆಸಿತು. ಎಸ್ಎಸ್ಎಲ್‌ಸಿಯ ಐಟಿ ಪರೀಕ್ಷೆಯೂ ಅದೇ ಯಂತ್ರದ ಮುಂದೆ ಕುಳಿತು ಬರೆಯುವ ಪರೀಕ್ಷೆಯಾಯಿತು. ಪರೀಕ್ಷೆಗೆ ಬರುತ್ತದೆ ಎಂದ ಮೇಲೆ ಲ್ಯಾಬಿಗೆ ಬೀಗ ಹಾಕಿಡುವ ಮುಖ್ಯೋಪಾಧ್ಯಾಯರು ಯಾರು? 2017ರಲ್ಲಿ ‘ಐಟಿ ಅಟ್ ಸ್ಕೂಲ್’ ಯೋಜನೆ ಕೈಟ್ ಎಂಬ ಕಂಪನಿಯ ರೂಪ ಪಡೆಯಿತು. ಮರುವರ್ಷ 8ರಿಂದ 12ನೇ ತರಗತಿವರೆಗಿನ 45,000 ತರಗತಿ ಕೋಣೆಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಕೊಡುವ ಹೈಟೆಕ್ ಶಾಲಾ ಯೋಜನೆ ಬಂದಾಗ ಅವೂ ಮುಕ್ತ ತಂತ್ರಾಂಶದ ಮೇಲೇ ನಡೆದವು. ಅದೇ ವರ್ಷ ಹುಟ್ಟಿದ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಕ್ಲಬ್ಬುಗಳ ಮಕ್ಕಳು ಅನಿಮೇಷನ್, ಪ್ರೋಗ್ರಾಮಿಂಗ್ ಕಲಿಯುತ್ತಾರೆ, ಶಾಲೆಯ ಯಂತ್ರಗಳ ದೇಖರೇಖಿಗೂ ನೆರವಾಗುತ್ತಾರೆ.

ಪಠ್ಯದ ಹೂರಣವೂ ಗಮನಾರ್ಹ. ಲಿಬ್ರೆ ಆಫೀಸ್‌ನಲ್ಲಿ ಪತ್ರ, ಲೆಕ್ಕದ ಹಾಳೆ ಮಾಡುವುದಕ್ಕೆ ಪಾಠ ನಿಲ್ಲುವುದಿಲ್ಲ. ಚಿತ್ರಕ್ಕೆ ಗಿಂಪ್ ಮತ್ತು ಇಂಕ್‌ಸ್ಕೇಪ್, ಪ್ರೋಗ್ರಾಮಿಂಗಿಗೆ ಸ್ಕ್ರ್ಯಾಚ್ ಮತ್ತು ಪೈಥಾನ್, ಅನಿಮೇಷನ್‌ಗೆ ಸಿನ್‌ಫಿಗ್, ನಕ್ಷೆಗೆ ಕ್ಯೂಜಿಐಎಸ್ ಇವೆ. ಕ್ಯೂಜಿಐಎಸ್ ಎಂಬುದು ಯೋಜನಾ ಇಲಾಖೆಗಳೂ ಸಂಶೋಧಕರೂ ಬಳಸುವ ನಕ್ಷೆ ತಂತ್ರಾಂಶ. ಊರಿನ ರಸ್ತೆ ಒಂದು ಪದರ, ಮನೆಗಳು ಇನ್ನೊಂದು, ಬಾವಿಗಳು ಮತ್ತೊಂದು. ರಸ್ತೆಯನ್ನು ಇಷ್ಟು ಮೀಟರ್ ಅಗಲಿಸಿದರೆ ಯಾವ ಮನೆ, ಯಾವ ಬಾವಿ ಹೋಗುತ್ತದೆ ಎಂದು ಕೇಳಿದರೆ ಪರದೆ ಆ ಪಟ್ಟಿಯನ್ನು ಬೇರೆ ಬಣ್ಣದಲ್ಲಿ ತೋರಿಸುತ್ತದೆ. ಹೈಸ್ಕೂಲಿನ ಮಗುವಿಗೆ ಭೂಗೋಳ, ಗಣಿತ, ಪಂಚಾಯಿತಿ ಆಡಳಿತ ಮೂರೂ ಒಂದೇ ಪರದೆಯ ಮೇಲೆ ಕೂಡಿಬರುತ್ತವೆ. ಗಣಿತಕ್ಕೆ ಜಿಯೋಜಿಬ್ರಾ ಇದೆ. ಅದರಲ್ಲಿ ತ್ರಿಭುಜದ ಒಂದು ತುದಿಯನ್ನು ಮೌಸ್‌ನಿಂದ ಹಿಡಿದು ಎಳೆದರೆ ಮೂರು ಕೋನಗಳೂ ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ಕರಿಹಲಗೆಯ ಮೇಲೆ ಇದನ್ನು ಎಷ್ಟು ಬಾರಿ ಬರೆದರೂ ಆ ಒಂದು ಎಳೆತದಷ್ಟು ಮನದಟ್ಟಾಗುವುದಿಲ್ಲ.

ಲೈಸೆನ್ಸ್ ಹಣದಲ್ಲಿ 3,000 ಕೋಟಿ ರೂಪಾಯಿ ಉಳಿದಿದೆ ಎಂದು ಕೈಟ್ 2019ರಲ್ಲಿ ಲೆಕ್ಕ ಹೇಳಿತು. ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳಿಗೆ ಇಷ್ಟೆಲ್ಲ ತಂತ್ರಾಂಶವನ್ನು ಖರೀದಿಸಿದ್ದರೆ ಎಷ್ಟಾಗುತ್ತಿತ್ತು ಎಂಬ ಅಂದಾಜು ಅದು, ಖಜಾನೆಯಲ್ಲಿ ಕೂಡಿಟ್ಟ ಹಣವಲ್ಲ. ಅಷ್ಟು ದುಬಾರಿಯಾಗಿದ್ದರೆ ಯಾವ ಸರ್ಕಾರವೂ ಅದನ್ನೆಲ್ಲ ಖರೀದಿಸುತ್ತಿರಲಿಲ್ಲ. ಮಕ್ಕಳಿಗೆ ಆ ಪಾಠಗಳೇ ಸಿಗುತ್ತಿರಲಿಲ್ಲ. ನಿಜವಾದ ಲಾಭವನ್ನು ಅಲ್ಲಿ ಕಾಣಬೇಕು.

ಶಾಲೆಗೆಂದೇ ಮುಕ್ತ ವ್ಯವಸ್ಥೆ ಕಟ್ಟಿದವರು ಬೇರೆಡೆಯೂ ಇದ್ದಾರೆ. ಸ್ಪೇನಿನ ಬಡ ಪ್ರಾಂತ್ಯವಾದ ಎಕ್ಸ್‌ಟ್ರೆಮದೂರಾ 2002ರಲ್ಲಿ ಲಿನೆಕ್ಸ್ ಎಂಬುದನ್ನು ಹೊರತಂದಿತು. ಅದರಲ್ಲಿ ಚಿತ್ರ ತಿದ್ದುವ ತಂತ್ರಾಂಶಕ್ಕೆ ಆ ಪ್ರಾಂತ್ಯದಲ್ಲೇ ಹುಟ್ಟಿದ ವರ್ಣಚಿತ್ರಕಾರ ಥುರ್ಬರಾನ್‌ನ ಹೆಸರಿಟ್ಟಿದ್ದರು. ನಾರ್ವೆಯಲ್ಲಿ 2001ರಲ್ಲಿ ಶುರುವಾದ ಸ್ಕೋಲೆಲಿನಕ್ಸ್ ಮುಂದೆ ಡೆಬಿಯನ್ ಎಜು ಆಗಿ ಬೆಳೆಯಿತು. ಹಳೆಯ ಯಂತ್ರಗಳಿರುವ ಶಾಲೆಗಳಿಗೆ ಅದರಲ್ಲೊಂದು ಉಪಯುಕ್ತ ಏರ್ಪಾಡಿದೆ. ಲ್ಯಾಬಿನಲ್ಲಿ ಒಂದೇ ಒಂದು ಶಕ್ತಿಶಾಲಿ ಸರ್ವರ್. ಉಳಿದ ಯಂತ್ರಗಳಿಗೆ ಹಾರ್ಡ್‌ಡಿಸ್ಕ್ ಕೂಡ ಬೇಡ. ಗುಂಡಿ ಒತ್ತಿದಾಗ ಅವು ನೆಟ್‌ವರ್ಕ್ ಕೇಬಲ್ ಮೂಲಕ ಸರ್ವರ್‌ನಿಂದಲೇ ಸಿಸ್ಟಮ್ ಅನ್ನು ಪಡೆದು ಏಳುತ್ತವೆ. ಹೊಸ ತಂತ್ರಾಂಶವನ್ನು ಸರ್ವರ್‌ಗೆ ಹಾಕಿದರೆ ಇಡೀ ಲ್ಯಾಬಿಗೆ ಹಾಕಿದಂತೆ. ಮಗು ಇವತ್ತು ಒಂದು ಯಂತ್ರದಲ್ಲಿ ಕುಳಿತು ನಾಳೆ ಇನ್ನೊಂದರಲ್ಲಿ ಕುಳಿತರೂ ಅದರ ಕಡತಗಳು ಅದಕ್ಕೇ ಸಿಗುತ್ತವೆ. ಸರ್ವರ್ ಕೆಟ್ಟರೆ ಮಾತ್ರ ಪಾಠ ನಿಂತಂತೆಯೇ. ಹಾಗಾಗಿ ನಂಬಿಕಸ್ತ ವಿದ್ಯುತ್ ಮತ್ತು ಯುಪಿಎಸ್ ಇಲ್ಲದ ಶಾಲೆ ಇದಕ್ಕೆ ಕೈಹಾಕಬಾರದು.

ಕರ್ನಾಟಕದಲ್ಲಿ ಇಂಥ ಪ್ರಯತ್ನ ನಡೆದಿಲ್ಲವೆಂದಲ್ಲ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ರಾಜ್ಯದ ಶಿಕ್ಷಣ ಇಲಾಖೆಯೊಡನೆ ಸೇರಿ ಹೈಸ್ಕೂಲ್ ಶಿಕ್ಷಕರ ವಿಷಯವಾರು ವೇದಿಕೆಗಳನ್ನು ಕಟ್ಟಿತು, ಉಬುಂಟು ಮೇಲೆ ತರಬೇತಿ ಕೊಟ್ಟಿತು. ಶಿಕ್ಷಕರೇ ಪಾಠ ಸಾಮಗ್ರಿ ಸೇರಿಸುವ, ಕನ್ನಡದಲ್ಲೂ ಇರುವ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ತಾಣ ಈ ಕೆಲಸದ ಫಲ. ಆದರೆ ಪಠ್ಯ ಮತ್ತು ಪರೀಕ್ಷೆ ಇಲ್ಲಿ ಮುಕ್ತ ವ್ಯವಸ್ಥೆಯ ಜೊತೆ ಹೊಂದಿಕೊಳ್ಳಲಿಲ್ಲ. ತರಬೇತಿ ಪಡೆದ ಶಿಕ್ಷಕರು ವರ್ಗವಾಗಿ ಹೋದರೆ ಉತ್ಸಾಹವೂ ಅವರ ಹಿಂದೆಯೇ ಹೋಗುತ್ತದೆ.

ಕನ್ನಡ ಬರೆಯುವುದಕ್ಕೆ ಈಗ ಅಡ್ಡಿಯೇನಿಲ್ಲ. ಕೆ. ಪಿ. ರಾವ್ ವಿನ್ಯಾಸದ ಕೀಲಿಮಣೆ ಗ್ನೂ/ಲಿನಕ್ಸ್‌ನಲ್ಲಿ ಸಿಗುತ್ತದೆ, ಇನ್‌ಸ್ಕ್ರಿಪ್ಟ್ ಕೂಡ ಇದೆ. ಲೋಹಿತ್, ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳು ಡೆಬಿಯನ್, ಉಬುಂಟು ಭಂಡಾರಗಳಲ್ಲೇ ಇವೆ. ತೊಡಕು ಬರುವುದು ಹಳೆಯ ಕಡತಗಳಲ್ಲಿ. ಯುನಿಕೋಡ್‌ಗೆ ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ, ಸುತ್ತೋಲೆಗಳನ್ನು ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರ, ಚಿಹ್ನೆಗಳ ಗೋಜಲು ಕಾಣುತ್ತದೆ. ದೋಷ ಲಿನಕ್ಸ್‌ನದಲ್ಲ, ಆ ಫಾಂಟ್ ಇಲ್ಲದ ವಿಂಡೋಸ್ ಯಂತ್ರದಲ್ಲೂ ಹೀಗೇ ಆಗುತ್ತದೆ. ಯುನಿಕೋಡ್ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಹಳೆಯ ಕಡತಗಳನ್ನು ಒಮ್ಮೆ ಕುಳಿತು ಬದಲಿಸಿಕೊಂಡರೆ ಮುಂದೆ ಮೊಬೈಲ್‌ನಲ್ಲೂ ಓದಬಹುದು.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11 ಕೇಳುವ ಟಿಪಿಎಂ 2.0 ಭದ್ರತಾ ವ್ಯವಸ್ಥೆ ಹಳೆಯ ಯಂತ್ರಗಳಲ್ಲಿ ಇರುವುದಿಲ್ಲ. ಇಂಥ ಯಂತ್ರಗಳನ್ನು ಗುಜರಿಗೆ ಹಾಕುವ ಮುನ್ನ ಲುಬುಂಟು, ಜುಬುಂಟು ಅಥವಾ ಲಿನಕ್ಸ್ ಮಿಂಟ್‌ನ ಹಗುರ ಆವೃತ್ತಿಯನ್ನು ಹಾಕಿ ನೋಡುವುದು ಒಳ್ಳೆಯದು. ಯಂತ್ರ 64 ಬಿಟ್‌ನದಾಗಿರಬೇಕು. 32 ಬಿಟ್ ಯಂತ್ರಗಳನ್ನು ಪ್ರಮುಖ ವಿತರಣೆಗಳೂ ಈಗ ಕೈಬಿಟ್ಟಿವೆ. ಶಾಲೆಗೆ ಆರಿಸಬೇಕಾದದ್ದು ದೀರ್ಘಾವಧಿ ಬೆಂಬಲವಿರುವ ಆವೃತ್ತಿಯನ್ನು. ಉಬುಂಟುವಿನ ಅಂಥ ಆವೃತ್ತಿ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಐದು ವರ್ಷ ಭದ್ರತಾ ಪರಿಷ್ಕರಣೆ ಸಿಗುತ್ತದೆ. ಮೊದಲು ಪೆನ್‌ಡ್ರೈವ್‌ನಿಂದಲೇ ಸಿಸ್ಟಮ್ ಓಡಿಸಿ ಪ್ರಿಂಟರ್, ಪ್ರೊಜೆಕ್ಟರ್, ವೈಫೈ ಸರಿಯಾಗಿ ನಡೆಯುತ್ತವೆಯೇ ಎಂದು ನೋಡಬಹುದು. ಅಲ್ಲಿಯವರೆಗೆ ಡಿಸ್ಕ್‌ನಲ್ಲಿರುವುದನ್ನು ಮುಟ್ಟಬೇಕಾಗಿಲ್ಲ.

ಉದ್ಯೋಗದಲ್ಲಿ ವಿಂಡೋಸ್ ಬೇಕಾಗುತ್ತದಲ್ಲ ಎಂಬುದು ಪೋಷಕರ ಸಹಜ ಪ್ರಶ್ನೆ. ಎಂಟನೇ ತರಗತಿಯ ಮಗು ಕೆಲಸಕ್ಕೆ ಸೇರುವ ಹೊತ್ತಿಗೆ ಇವತ್ತಿನ ವಿಂಡೋಸ್ ಕೂಡ ಹೀಗೇ ಇರುವುದಿಲ್ಲ. ಕಡತ, ಕೋಷ್ಟಕ, ಸೂತ್ರ, ಪ್ರೋಗ್ರಾಮಿನ ತರ್ಕ ಇವನ್ನು ಅರ್ಥಮಾಡಿಕೊಂಡ ಮಗುವಿಗೆ ಬೇರೆ ಪರದೆಗೆ ಒಗ್ಗಿಕೊಳ್ಳುವುದು ಕೆಲವು ದಿನಗಳ ಕೆಲಸ. ಇಂಟರ್ನೆಟ್ ಸರ್ವರ್‌ಗಳಲ್ಲಿ ಬಹುಪಾಲು ನಡೆಯುವುದೂ ಲಿನಕ್ಸ್ ಮೇಲೆ, ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸ್ ಕರ್ನಲ್.

ಕೈಟ್ ಗ್ನೂ/ಲಿನಕ್ಸ್ ಅನ್ನು ಯಾವ ರಾಜ್ಯದವರು ಬೇಕಾದರೂ ಇಳಿಸಿಕೊಂಡು ಬಳಸಬಹುದು. ಕಾಸರಗೋಡಿನ ಮಕ್ಕಳು ಓದುವ ಕನ್ನಡ ಐಸಿಟಿ ಪುಸ್ತಕಗಳೂ ಇವೆ. ಕರ್ನಾಟಕದ ಕಂಪ್ಯೂಟರ್ ಶಿಕ್ಷಕರೂ ಪಠ್ಯ ರಚಿಸುವವರೂ ಅವನ್ನೊಮ್ಮೆ ಬಿಡಿಸಿ ನೋಡಬೇಕು.