ಸತ್ಯವೇದದ 'ಧರ್ಮ' ಮತ್ತು 1877ರ ಕ್ಷಾಮ

ಬೈಬಲ್ ಸೊಸೈಟಿಯ ಕನ್ನಡ ಸತ್ಯವೇದದಲ್ಲಿ, ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ, ಬಡವರಿಗೆ ಕೊಡುವುದಕ್ಕೆ ಬಳಸಿರುವ ಪದ 'ಧರ್ಮ'. ಭಿಕ್ಷುಕನು ಬಾಗಿಲಲ್ಲಿ ನಿಂತು ಬೇಡುವುದು ಇದನ್ನೇ. ನಮ್ಮ ದಾನಶಾಸನಗಳು ಆಚಂದ್ರಾರ್ಕವಾಗಿ ನಡೆಯಲೆಂದು ಹಾರೈಸುವುದೂ ಇದನ್ನೇ. ದಾನ ಮಾಡುವುದಕ್ಕಿಂತ ಹಿಂದಿನವರ ದಾನವನ್ನು ಕಾಯುವುದು ಹೆಚ್ಚಿನದೆಂದು ಆ ಶಾಸನಗಳ ಕೊನೆಯಲ್ಲಿ ಮುಂಬರುವ ಅರಸರಿಗೆ ಮತ್ತೆ ಮತ್ತೆ ನೆನಪಿಸಲಾಗುತ್ತದೆ. ಹೀಗಾಗಿ ಕನ್ನಡದ ಕಿವಿಗೆ ಧರ್ಮವೆಂದರೆ ಕರುಣೆಯೂ ಹೌದು, ಕರ್ತವ್ಯವೂ ಹೌದು. (ಮತವೆಂಬ ಅರ್ಥವನ್ನು ಇಲ್ಲಿ ಬದಿಗಿಡೋಣ.)

ಈ ಆಯ್ಕೆ ಬರಿಯ ಆಡುಮಾತಿನ ಅನುಕೂಲವೆಂದು ತೋರಬಹುದು. ಆದರೆ ಹೀಬ್ರೂವಿನ 'ತ್ಸೆದಾಕಾ' ಎಂಬ ಪದಕ್ಕೂ ನೀತಿ ಎಂಬುದೇ ಮೂಲಾರ್ಥ. ಬಡವನಿಗೆ ಕೊಡುವುದೆಂಬ ಅರ್ಥ ಅದರಿಂದಲೇ ಬೆಳೆದದ್ದು. ಗ್ರೀಕಿಗೆ ಬಂದಾಗ ಅದು ಎರಡಾಗಿ ಒಡೆಯಿತು: ನೀತಿಗೊಂದು ಪದ, ಕರುಣೆಯಿಂದ ಹುಟ್ಟಿದ ದಾನಕ್ಕೆ ಇನ್ನೊಂದು. ಇಂಗ್ಲಿಷಿನ 'ಆಮ್ಸ್' ಈ ಎರಡನೆಯದರ ಸಂತಾನ. ಒಡೆದದ್ದನ್ನು ಕನ್ನಡ, ಬಹುಶಃ ಅರಿಯದೆಯೇ, ಮತ್ತೆ ಕೂಡಿಸಿತು.

ಕ್ರೈಸ್ತ ಚಿಂತನೆಯಲ್ಲಿ ಸಂಪತ್ತಿನ ವಿಚಾರವಾಗಿ ನಡೆದುಬಂದ ವಾದವೆಲ್ಲ ಈ ಒಡಕಿನ ಸುತ್ತಲೇ ಇದೆ. ಯಾಜಕಕಾಂಡದ 25ನೆಯ ಅಧ್ಯಾಯದಂತೆ ಐವತ್ತನೆಯ ವರ್ಷದಲ್ಲಿ ಮಾರಿದ ಹೊಲ ಮೂಲ ಕುಟುಂಬಕ್ಕೆ ಮರಳಬೇಕು. ಅದು ದಯೆಯಲ್ಲ, ಕಟ್ಟಳೆ. ಅಪೊಸ್ತಲರ ಕೃತ್ಯಗಳಲ್ಲಾದರೋ ಯೆರೂಸಲೇಮಿನ ವಿಶ್ವಾಸಿಗಳು ಸ್ವಇಚ್ಛೆಯಿಂದ ಹೊಲ ಮಾರಿ ಹಂಚಿಕೊಳ್ಳುತ್ತಾರೆ. ಸರ್ಕಾರದ ಹಂಚಿಕೆಯನ್ನು ಒಪ್ಪುವವರು ಮೊದಲನೆಯದನ್ನೂ ಒಪ್ಪದವರು ಎರಡನೆಯದನ್ನೂ ಎತ್ತಿಹಿಡಿಯುವುದುಂಟು. 1891ರಲ್ಲಿ ಹದಿಮೂರನೆಯ ಲಿಯೋ ಪೋಪರು, ಮಿಕ್ಕ ಸಂಪತ್ತನ್ನು ಕೊಡುವುದು ಪ್ರೀತಿಯ ಋಣ, ಕಡುಕಷ್ಟದ ಹೊತ್ತಿನಲ್ಲಲ್ಲದೆ ಕಾನೂನಿನಿಂದ ವಸೂಲಾಗತಕ್ಕದ್ದಲ್ಲ ಎಂದರು. ಅದೇ ಪೀಠದಿಂದ 1967ರಲ್ಲಿ ಆರನೆಯ ಪೌಲರು, ಲೋಕಹಿತ ಬೇಡಿದಾಗ ದೊಡ್ಡ ಹಿಡುವಳಿಗಳನ್ನು ವಶಪಡಿಸಿಕೊಳ್ಳುವುದನ್ನೂ ಒಪ್ಪಿದರು.

ಲಿಯೋ ಹೇಳಿದ ಆ 'ಕಡುಕಷ್ಟ' ಯಾವುದೆಂಬ ಪ್ರಶ್ನೆ ಅದಕ್ಕೆ ಮೊದಲೇ ನಮ್ಮ ಚೆನ್ನೈಯಲ್ಲಿ ಎದ್ದಿತ್ತು. ಬಳ್ಳಾರಿ ಆಗ ಮದರಾಸು ಆಧಿಪತ್ಯದ ಜಿಲ್ಲೆ. 1810ರಲ್ಲಿ ಅಲ್ಲಿಗೆ ಬಂದ ಪಾದ್ರಿ ಜಾನ್ ಹ್ಯಾಂಡ್ಸ್ ಕನ್ನಡ ಬೈಬಲ್ಲಿನ ಕೆಲಸಕ್ಕೆ ತೊಡಗಿದ ಊರೂ ಅದೇ. 1876–78ರ ಕ್ಷಾಮದಲ್ಲಿ ಆ ಸೀಮೆ ಬೆಂದುಹೋಯಿತು. ವೈಸರಾಯ್ ಲಿಟ್ಟನ್ ಕಳುಹಿಸಿದ ರಿಚರ್ಡ್ ಟೆಂಪಲ್, ಪರಿಹಾರದ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಚಿಲ್ಲರೆ ಕಾಸಿಗೆ ಇಳಿಸಿದನು. ದುಡಿಯುವ ಮೈಗೆ ಅಷ್ಟು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಅಂಕಿಅಂಶಗಳೊಡನೆ ಹಟ ಹಿಡಿದನು. ಕೆಲವು ತಿಂಗಳಲ್ಲಿ ಅಳತೆಯನ್ನು ಏರಿಸಬೇಕಾಯಿತು.

1877ರ ಆಗಸ್ಟಿನಲ್ಲಿ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕನ ಅಧ್ಯಕ್ಷತೆಯಲ್ಲಿ ಇಲ್ಲಿ ಸಾರ್ವಜನಿಕ ಸಭೆ ಸೇರಿ ಇಂಗ್ಲೆಂಡಿನ ಜನತೆಗೆ ಮೊರೆಯಿಟ್ಟಿತು. ಲಿಟ್ಟನ್ನನಿಗೆ ಅದು ಹಿಡಿಸಲಿಲ್ಲ. ಆದರೂ ಹಣ ಹರಿದುಬಂದಿತು. ಅದನ್ನು ಹಂಚಿದ ಸಮಿತಿಯ ಕಾರ್ಯದರ್ಶಿ, 'ಮದ್ರಾಸ್ ಟೈಮ್ಸ್' ಸಂಪಾದಕ ವಿಲಿಯಂ ಡಿಗ್ಬಿ, 1878ರಲ್ಲಿ ಎರಡು ಸಂಪುಟಗಳಲ್ಲಿ ಈ ವೃತ್ತಾಂತವನ್ನು ಪ್ರಕಟಿಸಿದನು. ಆಗ ಗೆರೆಯೊಂದನ್ನು ಎಳೆಯಲಾಯಿತು: ಜೀವ ಉಳಿಸುವುದು ಸರ್ಕಾರದ ಹೊಣೆ, ನಿಧಿಯ ಹಣ ಅದಕ್ಕೆ ಸಲ್ಲದು, ಅನಾಥ ಮಕ್ಕಳು, ಹೊರಬಂದು ಬೇಡಲಾರದ ಮಾನವಂತ ಮನೆಗಳು, ಉಡುವ ಬಟ್ಟೆ, ಬಿದ್ದ ಗುಡಿಸಲು, ರೈತನ ಬೀಜ ಮತ್ತು ಎತ್ತು, ಇವು ನಿಧಿಯ ಪಾಲು.

ಗೆರೆಯೇ ತಪ್ಪೆಂದು ನಮಗೆ ತೋರುವುದಿಲ್ಲ. ಗೆರೆಯ ಈಚೆಗೆ ಸರ್ಕಾರ ತನಗೆ ಉಳಿಸಿಕೊಂಡ ಪಾಲು ಮಾತ್ರ ಲಜ್ಜೆಗೇಡು. 1880ರಲ್ಲಿ ಕ್ಷಾಮ ಆಯೋಗವು ವರದಿ ಸಲ್ಲಿಸಿ, ಮುಂದೆ ಕ್ಷಾಮಸಂಹಿತೆಗಳು ಬಂದಾಗ ಮೊದಲ ಪಾಲು ಬರಹದ ಕಟ್ಟಳೆಯಾಯಿತು. ಎರಡನೆಯದು, ಬೀಜ ಮತ್ತು ಎತ್ತಿನದು, ಆ ವರ್ಷ ಬಳ್ಳಾರಿಯ ರೈತನಿಗೆ ದಕ್ಕಿದ್ದು ಕಡಲಾಚೆಯವರ ಮನಸ್ಸು ಕರಗಿದ್ದರಿಂದ.